ಒಡ್ಡಿನ ಮೇಲೆ ಕೂತು ನೋಡು

ತಮ್ಮಾ,

ಪರೀಕ್ಷೆ ಮುಗಿದ ಮರುದಿನ ನೀನು ಆಡಿದ ಮಾತು ಇನ್ನೂ ಕಿವಿಯಲ್ಲಿದೆ: "ಮುತ್ಯಾ, ನಮ್ಮೂರಾಗ ನಿಸರ್ಗ ಅನ್ನೂದು ಎಲ್ಲೈತಿ? ಬರೇ ಬಿಸಲು, ಧೂಳು." ಗೆಳೆಯರೊಂದಿಗೆ ಕೊಡಗಿಗೆ ಹೊರಟಿದ್ದೀ. ಹೋಗಿ ಬಾ, ನೋಡಬೇಕಾದ ಸೀಮೆ ಅದು. ಆದರೆ ಎರಡು ದಿನ ನೋಡಿ ಬರುವ ಊರಿಗೆ ನೀನು ಬೀಗ. ಬಯಲಿನಲ್ಲಿ ಮನೆಯವನಂತೆ ಕೂರಬೇಕಾದರೆ ಒಂದೇ ಜಾಗಕ್ಕೆ ಮಳೆ, ಚಳಿ, ಬಿಸಿಲು ಮೂರರಲ್ಲೂ ಹೋಗಬೇಕು.

ಸ್ಟೇಷನ್ ರಸ್ತೆಯಿಂದಲೇ ಶುರು ಮಾಡು. ನಸುಕಿನಲ್ಲಿ ಗೋಳಗುಮ್ಮಟದ ಕಡೆ ನಡೆ. 1656ರ ಆ ಕಟ್ಟಡದೊಳಗೆ ಕೂಗಿ, ಏಳು ಸಲ ಮಾರ್ದನಿ ಕೇಳಿ ತಿರುಗಿ ಹೋಗುವವರೇ ಬಹಳ. ನೀನು ಹೊರಗೆ ಹುಲ್ಲಿನ ಮೇಲೆ ಕೂಡು. ಹೊತ್ತು ಏರಿದಂತೆ ಗುಮ್ಮಟದ ನೆರಳು ಗಿಡ್ಡಾಗುತ್ತ ಬರುವುದನ್ನು, ಪಾರಿವಾಳಗಳು ಒಮ್ಮೆಲೇ ಎದ್ದು ಒಂದು ಸುತ್ತು ಹಾಕಿ ಮತ್ತೆ ಅದೇ ಸಂದಿಗೆ ಇಳಿಯುವುದನ್ನು ನೋಡು.

ನಾನು ಮೂವತ್ತು ವರ್ಷ ಇದೇ ರಸ್ತೆಯ ಒಂದು ಬೇವಿನ ಗಿಡದ ಕೆಳಗೆ ಸೈಕಲ್ ನಿಲ್ಲಿಸಿ ಕೆಲಸಕ್ಕೆ ಹೋದೆ. ನೆರಳು ಬೇಕಿತ್ತು, ಗಿಡ ಬೇಕಿರಲಿಲ್ಲ. ನಿವೃತ್ತಿಯಾಗುವ ವರ್ಷ, ಯುಗಾದಿ ಹೊತ್ತಿಗೆ, ಸೀಟಿನ ಮೇಲೆ ಸಣ್ಣ ಬಿಳಿ ಹೂ ಉದುರಿದ್ದು ಕಂಡು ತಲೆಯೆತ್ತಿದೆ. ಗಿಡದ ತುಂಬ ಹೂ, ಹೂವಿನ ತುಂಬ ಜೇನ್ನೊಣ. ಮೂವತ್ತು ಯುಗಾದಿ ಇದು ತಲೆಯ ಮೇಲೇ ನಡೆದಿತ್ತಲ್ಲ ಎಂದು ಕರುಳು ಚುರ್ ಎಂದಿತು. ಆ ಚುರುಕು ನಿನಗೆ ಬೇಡ.

ಮುಂದೆ ಎರೆಹೊಲ. ತಿಕೋಟಾ, ಬಬಲೇಶ್ವರದ ಕಡೆ ಈಗ ದ್ರಾಕ್ಷಿ ಪಡಗಳೂ ಬಂದಿವೆ, ಆದರೆ ನೀನು ಹಿಂಗಾರಿ ಜೋಳದ ಹೊಲಕ್ಕೆ ಹೋಗು. ಬಿತ್ತಿದ ಮೇಲೆ ಮಳೆ ಕೈಕೊಟ್ಟರೂ, ಎರೆಮಣ್ಣು ಒಳಗೆ ಹಿಡಿದಿಟ್ಟ ಹಸಿಯನ್ನೇ ಉಂಡು ಆಳೆತ್ತರ ಬೆಳೆಯುವ ಪೈರು ಅದು. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುವುದೂ ಇದೇ ಮಣ್ಣು. ಮೊದಲ ಮಳೆ ಆ ಬಿರುಕಿನಲ್ಲೇ ಆಳಕ್ಕೆ ಇಳಿಯುತ್ತದೆ. ನೀನು "ಬರೇ ಧೂಳು" ಅಂದದ್ದು ಇದನ್ನೇ.

ಸೀತನಿಯ ದಿನಗಳಲ್ಲಿ ಹೋದರೆ ಇನ್ನೂ ಚಲೋ. ಒಡ್ಡಿನ ಬದಿಗೆ ಕುಣಿ ತೋಡಿ, ಕುಳ್ಳಿನ ಕೆಂಡದಲ್ಲಿ ಎಳೆ ತೆನೆ ಸುಡುತ್ತಾರೆ. ಬಿಸಿಯಿದ್ದಾಗಲೇ ತಿಕ್ಕಿ, ಹೊಟ್ಟು ಊದಿ, ಹಸಿರು ಕಾಳನ್ನು ಬೊಗಸೆಗೆ ಸುರಿಯುತ್ತಾರೆ. ಜೊತೆಗೆ ಶೇಂಗಾ ಹಿಂಡಿ, ಒಂದು ತುಣುಕು ಬೆಲ್ಲ. ಬೆರಳಿಗೆ ಹತ್ತಿದ ಮಸಿ ಸಂಜೆತನಕ ಹೋಗುವುದಿಲ್ಲ. ಹೋಗಲೂ ಬಾರದು.

ನನ್ನ ಹೆಸರಿಗೆ ಹೊಲ ಇಲ್ಲವಲ್ಲ ಅನ್ನಬೇಡ. ಬಿಜ್ಜರಗಿಯಲ್ಲಿ ಹುಟ್ಟಿದ ನಮ್ಮ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ ಅಂಗಿಗೆ ಕಿಸೆ ಕೂಡ ಇಟ್ಟುಕೊಂಡವರಲ್ಲ. ದೇಹವನ್ನು ಅಗ್ನಿಗೆ ಕೊಡಿ, ಸ್ಮಾರಕ ಕಟ್ಟಬೇಡಿ ಎಂದು 2014ರಲ್ಲೇ ಬರೆದಿಟ್ಟಿದ್ದರು. 2023ರ ಜನವರಿ 2ರಂದು ಅವರು ಹೋದಾಗ ಅಗ್ನಿಗೇ ಕೊಟ್ಟರು. ಅರಸರ ಗೋರಿಯಿಂದ ಹೆಸರಾದ ಊರಿನಲ್ಲೇ ಹೀಗೊಬ್ಬರು ಬಾಳಿದರು. ಏನನ್ನೂ ತನ್ನದೆನ್ನದವರಿಗೆ ಯಾವ ಗಿಡದ ಬುಡವೂ ಪರಸ್ಥಳವಲ್ಲ ಎಂಬುದನ್ನು ನಾನು ಅವರನ್ನು ಕಂಡು ತಿಳಿದೆ.

ಗಿಡ ಹಚ್ಚುವ ಮನಸ್ಸಾದರೆ ಹಚ್ಚು. 2016ರಲ್ಲಿ ಕೋಟಿ ವೃಕ್ಷ ಅಭಿಯಾನ ಶುರುವಾದ ಜಿಲ್ಲೆ ಇದು. ಆದರೆ ಹಚ್ಚಿದ ಗಿಡಕ್ಕೆ ಎರಡು ಬೇಸಿಗೆ ನೀರು ಹಾಕುವ ತಾಳ್ಮೆ ಇದ್ದರೆ ಮಾತ್ರ.

ಬರುವ ಎಳ್ಳಮಾಸಿಗೆ ಚರಗ ಚೆಲ್ಲಲು ನನ್ನ ಜೊತೆ ಬಾ. ನಿಮ್ಮ ಅಮ್ಮ ಸಜ್ಜಿ ರೊಟ್ಟಿ, ಎಣ್ಣೆಗಾಯಿ ಬುತ್ತಿ ಕಟ್ಟುತ್ತಾಳೆ. ಬನ್ನಿ ಗಿಡದ ಕೆಳಗೆ ಪೂಜೆ ಮುಗಿಸಿ, ನಾಲ್ಕೂ ದಿಕ್ಕಿಗೆ ಭೂಮಿತಾಯಿಗೆ ಉಣಿಸಿ, ಆಮೇಲೆ ನಾವು ಉಣ್ಣೋಣ. ಫೋನು ಬುತ್ತಿ ಗಂಟಿನಲ್ಲಿರಲಿ, ಚಪ್ಪಲಿ ಒಡ್ಡಿನ ಮೇಲೆ ಬಿಡು.