ಆಳು ಮತ್ತು ಮುಂದಾಳು

'ನಾಯಕ' ಶಬ್ದಕ್ಕೆ ಸಂಸ್ಕೃತದ 'ನೀ' ಧಾತು ಮೂಲ. ಒಯ್ಯು, ಕರೆದುಕೊಂಡು ಹೋಗು ಎಂದು ಅದರ ಅರ್ಥ. ನಯ, ನೀತಿಗಳೂ ಅಲ್ಲಿಂದಲೇ ಹುಟ್ಟಿದವು. ನಮ್ಮ ಅಚ್ಚಗನ್ನಡದ 'ಮುಂದಾಳು' ಇದಕ್ಕಿಂತ ಸ್ವಾರಸ್ಯಕರ. 'ಆಳ್' ನಾಮಪದವಾದರೆ ಸೇವಕ, ಭಟ. 'ಕಾಲಾಳು' ಎಂಬಲ್ಲಿರುವುದು ಅದೇ. ಕ್ರಿಯಾಪದವಾದರೆ ಅರಸನ ಕಾರ್ಯ. ಸೈನ್ಯಾಧಿಕಾರಿಯಾಗಬಯಸುವ ವಿದ್ಯಾರ್ಥಿಗೆ ಈ ಶಬ್ದವೇ ಮೊದಲನೆಯ ಪಾಠವೆಂದು ನನ್ನ ಮತ.

ಏಕೆಂದರೆ ಗಟ್ಟಿ ದನಿ, ನಿರರ್ಗಳ ಇಂಗ್ಲಿಷು ಇವೇ ನಾಯಕತ್ವವೆಂದು ಭ್ರಮಿಸಿ, ಜಕ್ಕಲಿಯಂಥ ಗ್ರಾಮಗಳ ಯೋಗ್ಯ ಬಾಲಕರು ಅರ್ಜಿಯನ್ನೇ ಹಾಕದೆ ಉಳಿಯುವುದನ್ನು ಕಂಡಿದ್ದೇನೆ. ಇಂಗ್ಲಿಷು ಬೇಕು, ಕಲಿಯಬೇಕು. ಆದರೆ ಅಳತೆಗೋಲು ಅದಲ್ಲ.

ಮಾರ್ಗಗಳೇನೋ ಸಮೀಪದಲ್ಲಿವೆ. 1948ರಲ್ಲಿ ಆರಂಭವಾದ ಎನ್.ಸಿ.ಸಿ. ಇದೆ. ಖಡಕವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಗೆ ಬಾಲಕರನ್ನು ಅಣಿಗೊಳಿಸಲು 1963ರಲ್ಲಿ ಸ್ಥಾಪಿತವಾದ ವಿಜಯಪುರದ ಸೈನಿಕ ಶಾಲೆಯಿದೆ. ಯಾವ ದಾರಿಯಿಂದ ಬಂದರೂ ಆಯ್ಕೆ ಮಂಡಳಿಯ ಐದು ದಿನಗಳ ಪರೀಕ್ಷೆಯನ್ನು ದಾಟಲೇಬೇಕು. ಅಂಥ ಮಂಡಳಿಗಳು ಬೆಂಗಳೂರಿನಲ್ಲಿಯೂ ಉಂಟು.

ಅಲ್ಲಿಯ ಬಯಲು ಪರೀಕ್ಷೆಯನ್ನು ಗಮನಿಸಿರಿ. ಎಂಟು ಹತ್ತು ಅಭ್ಯರ್ಥಿಗಳ ಎದೆಯ ಮೇಲೆ ಅಂಕಿಗಳಿರುತ್ತವೆ. ಕೈಗೆ ಒಂದು ಹಲಗೆ, ಒಂದು ಗಳ, ಹಗ್ಗ, ಒಂದು ಭಾರ. ಗೆರೆಗಳ ನಡುವಿನ ನೆಲವನ್ನು ಮುಟ್ಟದೆ, ಕೆಂಪು ಬಳಿದ ಭಾಗವನ್ನು ಸೋಕದೆ, ಎಲ್ಲರೂ ಭಾರದೊಡನೆ ಆಚೆ ಸೇರಬೇಕು. ಇಂಥ ನಾಲ್ಕು ಅಡೆತಡೆಗಳು, ಒಂದಕ್ಕಿಂತ ಒಂದು ಕಠಿಣ. ನಾಯಕನಾರು? ಯಾರನ್ನೂ ನೇಮಿಸುವುದಿಲ್ಲ! ಅಧಿಕಾರಿ ಸುಮ್ಮನೆ ನೋಡುತ್ತ ನಿಲ್ಲುತ್ತಾನೆ. ಒಬ್ಬ ಕೂಗಾಡುತ್ತಾನೆ, ಇನ್ನೊಬ್ಬ ಹಲಗೆಯ ತುದಿಯನ್ನು ಅದುಮಿ ಹಿಡಿದು ಜೊತೆಗಾರನನ್ನು ದಾಟಿಸುತ್ತಾನೆ. ಗುಂಪು ಯಾರ ಸೂಚನೆಗೆ ಕಿವಿಗೊಡುತ್ತದೆ, ತನ್ನ ಉಪಾಯ ಕೆಟ್ಟಾಗ ಪರರ ಉಪಾಯವನ್ನು ಯಾರು ಒಪ್ಪುತ್ತಾರೆ, ಇವೆಲ್ಲ ಅಲ್ಲಿ ತಾವಾಗಿಯೇ ವ್ಯಕ್ತವಾಗುತ್ತವೆ. ಮುಂದೆ ಪ್ರತಿಯೊಬ್ಬನೂ ಸರದಿಯಂತೆ ನಾಯಕನಾಗಿ ಗುಂಪಿನಿಂದ ಸಹಾಯಕರನ್ನು ಆರಿಸಿಕೊಳ್ಳುತ್ತಾನೆ. ಪದೇ ಪದೇ ಯಾರನ್ನು ಕರೆಯುತ್ತಾರೆಂಬುದೂ ಅಧಿಕಾರಿಯ ಕಣ್ಣಿಗೆ ಬೀಳದಿರದು.

ಈ ಪದ್ಧತಿ ಎರಡನೆಯ ಮಹಾಯುದ್ಧದ ಕೂಸು. ಕುಲ, ಶಾಲೆ, ಸಂದರ್ಶನದ ಮಾತುಗಾರಿಕೆಗಳನ್ನು ನೋಡಿ ಆರಿಸಿದವರು ತರಬೇತಿಯಲ್ಲಿ ಸೋಲತೊಡಗಿದಾಗ, ಬ್ರಿಟಿಷ್ ಸೈನ್ಯ 1942ರಲ್ಲಿ ಇದನ್ನು ಅಳವಡಿಸಿಕೊಂಡಿತು.

ವ್ಯಾಕರಣದ ಇನ್ನೊಂದು ಸಂಗತಿ: 'ಮುಂದಾಳು' ಎಂಬುದು ಗಂಡಿಗೂ ಹೆಣ್ಣಿಗೂ ಸಲ್ಲುವ ಶಬ್ದ. ಖಡಕವಾಸ್ಲಾದಿಂದ 17 ಯುವತಿಯರ ಮೊದಲ ತಂಡ ಹೊರಬಂದುದು 2025ರ ಮೇ ತಿಂಗಳಲ್ಲಿ. ಶಬ್ದ ಮೊದಲೇ ಸಿದ್ಧವಿತ್ತು.

ಒಮ್ಮೆ ಜಾತ್ರೆಯ ದಾಸೋಹದಲ್ಲಿ ಪಂಕ್ತಿಯ ಕೊನೆಯವರಿಗೆ ಸಾರು ಮುಟ್ಟಿರಲಿಲ್ಲ. ತರಗತಿಯಲ್ಲಿ ಬಾಯಿ ಬಿಡದ ಹುಡುಗನೊಬ್ಬ ಅದನ್ನು ಕಂಡು, ಯಾರೂ ಹೇಳದೆಯೇ ಬಕೆಟ್ಟು ಎತ್ತಿದ. "ನೀ ಅನ್ನ ತಾ, ನೀ ನೀರು ಹಿಡಿ" ಎಂದು ಇಬ್ಬರನ್ನು ಜೊತೆಗೆ ಕರೆದ. ಅವರು ಮರುಮಾತಿಲ್ಲದೆ ಹೋದರು.