ಅಟ್ಟದ ಕೊಬ್ಬರಿ, ನಾರಾದ ಬುದ್ಧ

ನಮ್ಮ ಹೊನ್ನವಳ್ಳಿಯಲ್ಲಿ ದುಡ್ಡು ತಿಂಗಳ ಒಂದನೇ ತಾರೀಕಿಗೆ ಬರುವುದಿಲ್ಲ. ಅಟ್ಟಕ್ಕೇರಿದ ಕಾಯಿ ಹತ್ತು–ಹನ್ನೆರಡು ತಿಂಗಳು ಒಣಗಿ, ಅಲ್ಲಾಡಿಸಿದರೆ ಒಳಗೆ ಗಟಗಟ ಅನ್ನಬೇಕು. ಆಮೇಲೆ ಸುಲಿಸಿ, ಒಡೆಸಿ, ಉಂಡೆ ಕೊಬ್ಬರಿಯನ್ನು ಮೂಟೆ ಕಟ್ಟಿ ತಿಪಟೂರಿನ ಎಪಿಎಂಸಿಗೆ ಹಾಕಿದಾಗ ಒಂದೇ ಸಲ ಕೈತುಂಬ ಬರುತ್ತದೆ. ಬಂದ ವೇಗದಲ್ಲೇ ಬೋರ್‌ವೆಲ್ಲಿಗೋ ಮದುವೆಗೋ ಹೋಗಿಬಿಡುತ್ತದೆ. 2023ರಲ್ಲಿ ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ರೂಪಾಯಿ ಇದ್ದರೂ ಮಾರುಕಟ್ಟೆಯಲ್ಲಿ ಅಷ್ಟೂ ಸಿಗದೆ ರೈತರು ತಿಪಟೂರಿನಲ್ಲಿ ಧರಣಿ ಕೂತರು. ಎರಡೇ ವರ್ಷದಲ್ಲಿ ಕಥೆ ತಿರುಗಿತು. 2025ರಲ್ಲಿ ಬೆಂಬಲ ಬೆಲೆ 12,100 ಇತ್ತು, ಮಾರುಕಟ್ಟೆ ದರ ಅದರ ಎರಡರಷ್ಟನ್ನೂ ದಾಟಿತು. ಅವ್ವನ ಪಾಲು ಅಂತ ಅಣ್ಣ ಹದಿನಾರು ಕ್ವಿಂಟಾಲಿನ ದುಡ್ಡು, ಹತ್ತಿರ ಹತ್ತಿರ ನಾಲ್ಕು ಲಕ್ಷ, ಅವಳ ಖಾತೆಗೇ ಹಾಕಿದ.

ಮರುವಾರವೇ ಬಂದು, "ಇನ್ನೊಂದು ಬೋರು ಹಾಕ್ಸಣ ಅಂತಿದೀನವ್ವ" ಅಂದ.

"ಈ ಸಲ ಬ್ಯಾಡ ಕಣೋ. ನೀರು ಸಿಗದಿದ್ರೆ ಆ ದುಡ್ಡು ಮಣ್ಣಿಗೇ ಹೋಯ್ತದೆ. ನಾನು ಜಪಾನು ನೋಡ್ಬೇಕು."

ಮೊಮ್ಮಗ ಮೊಬೈಲಿನಲ್ಲಿ ನಾರಾ ಊರಿನ ಜಿಂಕೆಗಳು ತಲೆಬಾಗಿ ಬಿಸ್ಕತ್ತು ಕೇಳುವುದನ್ನು ತೋರಿಸಿದ್ದನಂತೆ. ನಾನು ಹಣಕಾಸಿನ ಬಗ್ಗೆ ಬರೆಯುವವಳು, ಲೆಕ್ಕ ನನ್ನ ತಲೆಗೆ ಬಿತ್ತು.

ಮೊದಲು ಒಬ್ಬ ಏಜೆಂಟರ ಹತ್ತಿರ ಹೋದೆವು. ಏಳು ದಿನದಲ್ಲಿ ಎಂಟು ಊರು, ತಲೆಗೆ 2,40,000. ಚೀಟಿಯ ಕೆಳಗೆ ಸಣ್ಣಕ್ಷರದಲ್ಲಿ, ಇಬ್ಬರಿಗೂ ಸೇರಿ, 'ಟಿಸಿಎಸ್ 24,000' ಅಂತ ಇತ್ತು. ಏನಿದು ಅಂದರೆ "ಸರ್ಕಾರದ್ದು ಮೇಡಂ" ಅಂದರು, ಅಷ್ಟೇ. ಆಗ ವಿದೇಶಿ ಟೂರ್ ಪ್ಯಾಕೇಜಿಗೆ ಹತ್ತು ಲಕ್ಷದವರೆಗೆ ಶೇ 5 ಹಿಡಿಯುವ ನಿಯಮವಿತ್ತು, ಅದು ನಿಜ. ಆದರೆ ಇದು ಕೊಟ್ಟು ಮರೆಯುವ ಖರ್ಚಲ್ಲ, ನಿಮ್ಮ ಪ್ಯಾನ್ ನಂಬರಿನ ಮೇಲೆ ಜಮೆಯಾಗುವ ತೆರಿಗೆ. ರಿಟರ್ನ್ ಹಾಕಿದರೆ ತೆರಿಗೆಗೆ ವಜಾ ಆಗುತ್ತದೆ ಅಥವಾ ವಾಪಸ್ ಬರುತ್ತದೆ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲ ಅಂತ ನಮ್ಮ ಕಡೆಯ ಎಷ್ಟೋ ಜನ ರಿಟರ್ನೇ ಹಾಕುವುದಿಲ್ಲ. ಅವರ ದುಡ್ಡು ಅಲ್ಲೇ ಕೂತಿರುತ್ತದೆ, ಕೇಳುವವರಿಲ್ಲದೆ.

ಎಂಟು ಊರಿನ ಪಟ್ಟಿ ನೋಡಿ ಅವ್ವ, "ಇದು ಯಾತ್ರೆಯೋ, ಬಸ್ ಕಂಡಕ್ಟರ್ ಕೆಲಸವೋ?" ಅಂದಳು. ನನ್ನ ಪ್ಲಾನು ಆ ಮಾತಿನಿಂದಲೇ ಶುರುವಾಯಿತು. ಜಪಾನಿನಲ್ಲಿ ದೇವಸ್ಥಾನ ನೋಡುವುದಕ್ಕೆ ದುಡ್ಡು ಹೆಚ್ಚೇನೂ ಬೇಡ, ಊರಿಂದೂರಿಗೆ ಓಡುವುದಕ್ಕೆ ಬೇಕು. ನಾವು ಹೋದಾಗ ಒಂದು ಯೆನ್‌ಗೆ ಸುಮಾರು 58 ಪೈಸೆ. ಟೋಕಿಯೊದ ಸೆನ್ಸೊ-ಜಿ, ಕ್ಯೋಟೊದ ಫುಷಿಮಿ ಇನಾರಿ ಎರಡಕ್ಕೂ ಟಿಕೆಟ್ ಇಲ್ಲ. ಕಿಂಕಾಕು-ಜಿಗೆ 500 ಯೆನ್, ನಾರಾದ ದೊಡ್ಡ ಬುದ್ಧನ ಮಂದಿರಕ್ಕೆ 800. ಅದೇ ಟೋಕಿಯೊದಿಂದ ಕ್ಯೋಟೊಗೆ ಬುಲೆಟ್ ರೈಲಿನಲ್ಲಿ ಒಂದು ಸಲ ಹೋಗಲು 14,000 ಯೆನ್ ಮೇಲಾಗುತ್ತದೆ, ಅಂದರೆ ಎಂಟು ಸಾವಿರ ರೂಪಾಯಿ.

ಹೋಗಿಬಂದವರೆಲ್ಲ "ಜೆಆರ್ ಪಾಸ್ ತಗೊಳ್ಳಿ" ಅಂತಾರೆ. ಅವರು ಹೋಗಿದ್ದು ಯಾವಾಗ ಅಂತ ಕೇಳಿ. ಏಳು ದಿನ ರೈಲಿನಲ್ಲಿ ಓಡಾಡುವ ಆ ಪಾಸಿಗೆ ಮೊದಲು 29,650 ಯೆನ್ ಇತ್ತು, 2023ರ ಅಕ್ಟೋಬರ್‌ನಿಂದ 50,000. ಟೋಕಿಯೊ–ಕ್ಯೋಟೊ ಹೋಗಿಬರಲು ಬಿಡಿ ಟಿಕೆಟ್ಟೇ 28,000 ಚಿಲ್ಲರೆ. ನಡುವೆ ಹಿರೋಷಿಮಾ ಸೇರಿಸಿದರೂ ಹೆಚ್ಚೂಕಮ್ಮಿ ಪಾಸಿನಷ್ಟೇ ಆಗುತ್ತದೆ.

ಹಾಗಾಗಿ ಬೆಂಗಳೂರಿನಿಂದ ನರಿತಾಗೆ ನೇರ ವಿಮಾನ, ಟೋಕಿಯೊದಲ್ಲಿ ಎರಡು ರಾತ್ರಿ, ಕ್ಯೋಟೊದಲ್ಲಿ ನಾಲ್ಕು, ಕೊನೆಗೆ ಮತ್ತೆ ಟೋಕಿಯೊದಲ್ಲೊಂದು ಅಂತ ಗೊತ್ತುಮಾಡಿದೆ. ಕ್ಯೋಟೊ ಸ್ಟೇಷನ್ ಹತ್ತಿರ ರೂಮು ಮಾಡಿದರೆ ಇನಾರಿಗೆ 150 ಯೆನ್, ನಾರಾಕ್ಕೆ 720, ಒಸಾಕಾಕ್ಕೆ ಆರುನೂರರೊಳಗೆ. ಬೆಳಿಗ್ಗೆ ಹೋಗಿ ಸಂಜೆ ಅದೇ ಹಾಸಿಗೆಗೆ ಬರಬಹುದು. ರಾಗಿ ಕೊಯ್ಲು ಮುಗಿಸಿಕೊಂಡು ಡಿಸೆಂಬರ್‌ನಲ್ಲಿ ಹೊರಟೆವು. ನವೆಂಬರಿನ ಕೆಂಪೆಲೆಯ ನೂಕುನುಗ್ಗಲು ಕರಗಿತ್ತು, ರೂಮಿನ ದರವೂ ಇಳಿದಿತ್ತು.

ವೀಸಾ ಶುಲ್ಕ ಆಗ ದೊಡ್ಡದಿರಲಿಲ್ಲ, ಕಾಗದ ಹೊಂದಿಸುವುದೇ ದೊಡ್ಡದು. ವರ್ಷವೆಲ್ಲ ಖಾಲಿಯಿದ್ದ ಪಾಸ್‌ಬುಕ್ಕಿಗೆ ಒಂದೇ ದಿನ ನಾಲ್ಕು ಲಕ್ಷ ಬಿದ್ದರೆ ಯಾರಿಗಾದರೂ ಅನುಮಾನವೇ. ನನ್ನ ರಿಟರ್ನಿನ ಜೊತೆಗೆ ಅವ್ವನ ಪಹಣಿ, ಕೊಬ್ಬರಿ ಮಾರಿದ ಮಂಡಿ ಚೀಟಿ, ಕೊಬ್ಬರಿ ವರ್ಷಕ್ಕೊಮ್ಮೆ ಯಾಕೆ ಮಾರುತ್ತೇವೆ ಅಂತ ಇಂಗ್ಲಿಷಿನಲ್ಲಿ ಅರ್ಧ ಪುಟ ಬರೆದು ಇಟ್ಟೆ. ಮರುಪ್ರಶ್ನೆ ಬರಲಿಲ್ಲ.

ಇಷ್ಟೆಲ್ಲ ಲೆಕ್ಕ ಹಾಕಿದವಳೇ ಮೊದಲ ದಿನ ಮೋಸಹೋದೆ. ಅಂಗಡಿಯ ಮೆಷಿನ್ನು 'ಯೆನ್ನೋ ರೂಪಾಯಿಯೋ' ಅಂತ ಕೇಳಿದಾಗ, ನಮ್ಮ ದುಡ್ಡಲ್ವೇ ಅಂತ ರೂಪಾಯಿ ಒತ್ತಿದೆ. ಹಾಗೆ ಒತ್ತಿದರೆ ವಿನಿಮಯ ದರ ಅವರು ಹೇಳಿದ್ದೇ. ಯಾವಾಗಲೂ ಯೆನ್ ಒತ್ತಿ. ನಿಮ್ಮ ಕಾರ್ಡು ವಿದೇಶಿ ಖರ್ಚಿಗೆ ಶೇಕಡಾ ಎಷ್ಟು ಸೇರಿಸುತ್ತದೆ ಅಂತಲೂ ಊರಲ್ಲೇ ಕೇಳಿಕೊಂಡು ಹೊರಡಿ. ಮೂರೂವರೆ ಹಿಡಿಯುವ ಕಾರ್ಡುಗಳಿವೆ, ಅದರ ಮೇಲೆ ಜಿಎಸ್‌ಟಿ ಬೇರೆ.

ಊಟದ್ದು ಇನ್ನೊಂದು. ತರಕಾರಿ ಸಾರು ಅಂತ ಕೊಟ್ಟಿದ್ದರಲ್ಲೂ ಒಣಮೀನಿನ ರಸ ಇರುತ್ತದೆ. ಅವ್ವ ಎರಡು ದಿನ ಹೋಟೆಲಿನ ಕೆಟಲ್‌ನಲ್ಲಿ ನೀರು ಕಾಯಿಸಿ ಅವಲಕ್ಕಿ, ಚಟ್ನಿಪುಡಿಯಲ್ಲಿ ಕಳೆದಳು. ಮೂರನೇ ದಿನ ಕ್ಯೋಟೊದಲ್ಲಿ ಬೌದ್ಧ ಸನ್ಯಾಸಿಗಳ ಶೋಜಿನ್ ಊಟಕ್ಕೆ ತಲೆಗೆ ಐದು ಸಾವಿರ ಯೆನ್ ತೆತ್ತೆ. ಈ ಪ್ರವಾಸದಲ್ಲಿ ನಾನು ಚೌಕಾಸಿ ಮಾಡದ ಖರ್ಚು ಅದೊಂದೇ.

ನಾರಾದ ತೊದಾಯ್-ಜಿಯಲ್ಲಿ ದೊಡ್ಡ ಬುದ್ಧನ ಮುಂದೆ ನಿಂತು, 752ರಲ್ಲಿ ಈ ಬುದ್ಧನ ಕಣ್ಣು ತೆರೆಸಿದ್ದು ನಮ್ಮ ದೇಶದಿಂದ ಹೋದ ಬೋಧಿಸೇನ ಅನ್ನುವ ಭಿಕ್ಷು ಅಂದೆ. ಅವ್ವ ತುಂಬ ಹೊತ್ತು ಮೇಲೆ ನೋಡುತ್ತ ನಿಂತಳು. "ಆಗ ವಿಮಾನ ಎಲ್ಲಿತ್ತು?" ಅಂದಳು ಆಮೇಲೆ. ಇನಾರಿಯಲ್ಲಿ ಕೆಂಪು ಕಮಾನುಗಳ ಸಾಲು ಬೆಟ್ಟ ಹತ್ತುತ್ತದೆ. ಇಳಿಯುವಾಗ ತಿರುಗಿ ನೋಡಿದರೆ ಪ್ರತಿ ಕಂಬದ ಮೇಲೂ ಕರಿ ಅಕ್ಷರ. ಏನು ಬರೆದವ್ರೆ ಅಂದಳು. ಕಮಾನು ಕೊಟ್ಟ ಕಂಪನಿ, ಮನೆತನದ ಹೆಸರು, ತಾರೀಕು ಅಂದೆ.

"ನಮ್ಮ ಸ್ವರ್ಣಾಂಬನ ಗುಡಿ ಟ್ಯೂಬ್‌ಲೈಟ್ ಮೇಲೆ ಬರ್‍ಸಿರ್ತಾರಲ್ಲ, ಹಂಗೇ ಬಿಡು."

ಇಬ್ಬರಿಗೂ ಸೇರಿ ವಿಮಾನ 1,16,000, ರೂಮು 45,000, ಬುಲೆಟ್ ರೈಲು 33,000, ಊಟ–ಓಡಾಟ 36,000, ವೀಸಾ–ವಿಮೆ ಇತ್ಯಾದಿ 8,000. ಒಟ್ಟು 2,38,000. ಏಜೆಂಟರು ಒಬ್ಬರಿಗೆ ಹೇಳಿದ್ದಕ್ಕಿಂತ ಎರಡು ಸಾವಿರ ಕಮ್ಮಿ. ಉಳಿದದ್ದರಲ್ಲಿ ಅವ್ವ ಒಂದು ಲಕ್ಷ ಎಫ್‌ಡಿ ಇಟ್ಟಳು. ಮಿಕ್ಕಿದ್ದನ್ನು ಅಣ್ಣನ ಕೈಗೆ ಕೊಟ್ಟು, "ಮೋಟರಿಗೆ ಇಟ್ಕೋ. ಬೋರು ಮಾತ್ರ ನಿನ್ನ ಕೊಬ್ಬರೀಲಿ ಹಾಕ್ಸು" ಅಂದಳು.