ಮಗು ಸೋಮಾರಿಯೇ? ಮೊದಲು ವಿಚಾರಿಸಿ



ರೇಷ್ಮೆ ಸಾಕುವ ವಕ್ಕಲೇರಿ ಕಡೆಯವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಹುಳು ಜ್ವರಕ್ಕೆ ಕೂತಾಗ ಸೊಪ್ಪು ಹಾಕುವ ಕೈ ತಡೆಯಬೇಕು, ಎದ್ದ ಮೇಲೆ ಹಾಕಬೇಕು. ನಾಲ್ಕು ಜ್ವರ ಕಳೆದು ಹಣ್ಣಾಗುವ ಹೊತ್ತಿಗೆ ಚಂದ್ರಿಕೆ ಸಿದ್ಧವಿರಬೇಕು. ನೆನಪಿಟ್ಟುಕೊಳ್ಳುವುದು, ತಡೆದುಕೊಳ್ಳುವುದು, ಸಮಯ ನೋಡಿ ಕೆಲಸ ಬದಲಿಸುವುದು ಮಕ್ಕಳ ಓದಿಗೂ ಬೇಕು. ಇವು ಹುಟ್ಟಿನಿಂದ ಪೂರ್ತಿ ಬರುವುದಿಲ್ಲ. ಹರೆಯ ದಾಟುವವರೆಗೂ ಬಲಿಯುತ್ತಾ ಹೋಗುತ್ತವೆ.

"ಸೊಪ್ಪು ತಾ, ಬಾಗಿಲು ಮುಚ್ಚು, ಆಮೇಲೆ ಲೆಕ್ಕ ಬರಿ" ಎಂದರೆ ಕೆಲವು ಮಕ್ಕಳು ಸೊಪ್ಪು ತಂದು ನಿಂತುಬಿಡುತ್ತಾರೆ. ಅದಕ್ಕೆ ನಾವಿಟ್ಟ ಹೆಸರು ಸೋಮಾರಿತನ. ಕೊಡುವ ಮದ್ದು ಏಟು. ಏಟಿನಿಂದ ನೆನಪು ಹೆಚ್ಚುವುದಿಲ್ಲ. ಮಗು ಕೆಲಸವನ್ನು ಮಾತಿನಲ್ಲೇ ಜೋಡಿಸಿಕೊಳ್ಳುತ್ತದೆ, ತನ್ನಷ್ಟಕ್ಕೆ ಗೊಣಗಿಕೊಂಡು ಮಾಡುತ್ತದೆ. ಮಾತು ಹಿಂದುಳಿದರೆ ಈ ಜೋಡಣೆಯೂ ತಪ್ಪಬಹುದು. ಆದ್ದರಿಂದಲೇ ವಾಕ್ ತಜ್ಞರು ಈ ವಿಷಯ ಎತ್ತುತ್ತಾರೆ. ಒಂದು ಸಲಕ್ಕೆ ಒಂದೇ ಕೆಲಸ ಹೇಳಿ. "ಮೊದಲು ಏನು? ಆಮೇಲೆ ಏನು?" ಎಂದು ಅದರ ಬಾಯಿಂದಲೇ ಹೇಳಿಸಿ. ಗೊಣಗಿದರೆ ಗದರಬೇಡಿ.

ನಮ್ಮ ಜಿಲ್ಲೆಯಲ್ಲಿ ಇನ್ನೊಂದು ತೊಡಕು: ಎಷ್ಟೋ ಮನೆಗಳಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಹೊಸ ಭಾಷೆಗೆ ತಡವರಿಸುವ ಮಗು ದಡ್ಡ ಮಗುವಲ್ಲ. ಮನೆಮಾತಿನಲ್ಲೂ ಹಿಂದಿದ್ದರೆ ತಡಮಾಡದೆ ಮೊದಲು ಕಿವಿ ಪರೀಕ್ಷೆ ಮಾಡಿಸಿ. 1965ರಲ್ಲಿ ಸ್ಥಾಪನೆಯಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕಿವಿ, ಮಾತು ಎರಡನ್ನೂ ನೋಡುತ್ತಾರೆ.

2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಹೆಸರಿಸುವ 21 ಬಗೆಗಳಲ್ಲಿ ಕಲಿಕೆಯ ತೊಂದರೆಯೂ ಸೇರಿದೆ. ಕೇಳಲು ಸಂಕೋಚ ಬೇಡ. ಮುಂದಿನ ಶಾಲಾಭಿವೃದ್ಧಿ ಸಮಿತಿ ಸಭೆಗೆ ಹೋದಾಗ, ದಿನದ ಕೆಲಸಗಳನ್ನು ಸಾಲಾಗಿ ಹಲಗೆಯ ಮೇಲೆ ಬರೆಯುವಂತೆ ಮೇಷ್ಟ್ರನ್ನು ಕೇಳಿಕೊಳ್ಳಿ. ಅದಕ್ಕೆ ಒಂದು ತುಂಡು ಸೀಮೆಸುಣ್ಣ ಸಾಕು.